ಪಾಠದ ಕೋಣೆಯಲ್ಲಿ ಪಂಚೆ: ತುಮಕೂರಿನ ಅಧ್ಯಾಪಕರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಡಂ, ನನಗೆ 31 ವರ್ಷ. ತಿಪಟೂರು ತಾಲ್ಲೂಕಿನ ತೆಂಗು ಬೆಳೆಗಾರರ ಮನೆಯವನು. ತುಮಕೂರಿನ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. 2020ರ ಲಾಕ್‌ಡೌನ್ ಕಾಲದಲ್ಲಿ ಊರಿನಿಂದಲೇ ಆನ್‌ಲೈನ್ ತರಗತಿ ನಡೆಸುವಾಗ ಪಂಚೆಯಲ್ಲೇ ಇರುತ್ತಿದ್ದೆ. ನನ್ನ ಮೈಗೆ ಒಗ್ಗುವ ಉಡುಪು ಇದೇ ಎಂಬುದು ಆಗ ತಿಳಿಯಿತು. ಒಂದು ವರ್ಷದಿಂದ ಕಾಲೇಜಿಗೂ ಬಿಳಿ ಪಂಚೆ, ಕೈಮಗ್ಗದ ಅಂಗಿ ತೊಟ್ಟು ಹೋಗುತ್ತಿದ್ದೇನೆ. ಸಹೋದ್ಯೋಗಿಗಳು 'ಯಾವ ಪಕ್ಷ ಸೇರಿದ್ರಿ ಸಾರ್' ಎಂದು ಕೇಳುತ್ತಾರೆ. ವಿಭಾಗದ ಮುಖ್ಯಸ್ಥರು ಇದು ವೃತ್ತಿಗೆ ತಕ್ಕ ಉಡುಪಲ್ಲ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬರುವ ದಿನವಾದರೂ ಪ್ಯಾಂಟು ಹಾಕಿಕೊಳ್ಳಿ ಎಂದಿದ್ದಾರೆ. ಅಮ್ಮನಂತೂ 'ನಿಮ್ಮಪ್ಪ ಪಂಚೆ ಎತ್ತಿ ಕಟ್ಟಿಕೊಂಡು ತೋಟದಲ್ಲಿ ಗೇದಿದ್ದು ನೀನು ಪ್ಯಾಂಟು ಹಾಕಿಕೊಂಡು ಓಡಾಡಲಿ ಅಂತ ಕಣಪ್ಪ' ಎಂದು ಕಣ್ಣೀರು ಹಾಕುತ್ತಾರೆ. ಕಳೆದ ತಿಂಗಳು ನೋಡಿಬಂದ ಹೆಣ್ಣಿನ ಕಡೆಯವರು 'ಹುಡುಗ ತೀರಾ ಸಂಪ್ರದಾಯಸ್ಥ' ಎಂದು ಹೇಳಿಕಳಿಸಿದರು. ನಾನು ದೇವರ ಪೂಜೆಯನ್ನೂ ಮಾಡುವವನಲ್ಲ. ಈಗ ನನಗೇ ಅನುಮಾನ ಹುಟ್ಟಿದೆ: ನಾನು ಇದನ್ನು ಇಷ್ಟಪಟ್ಟು ಉಡುತ್ತಿದ್ದೇನೆಯೋ, ಜನರ ಕಣ್ಣಿಗೆ ಬೀಳಲೆಂದು ಉಡುತ್ತಿದ್ದೇನೆಯೋ? ಮುಂದುವರಿಸಲೇ, ಬಿಡಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದೇ ಬಿಳಿ ಬಟ್ಟೆಯನ್ನು ನೋಡಿ ನಾಲ್ಕು ಕಡೆಯವರು ನಾಲ್ಕು ತೀರ್ಮಾನಕ್ಕೆ ಬಂದಿದ್ದಾರೆ, ಮತ್ತು ಆ ನಾಲ್ಕೂ ಒಂದಕ್ಕೊಂದು ಹೊಂದುವುದಿಲ್ಲ. ಸಹೋದ್ಯೋಗಿಗಳ ಕಣ್ಣಿಗೆ ನೀವು ರಾಜಕೀಯದ ಆಸೆಯುಳ್ಳವರು, ಮುಖ್ಯಸ್ಥರ ಕಣ್ಣಿಗೆ ವೃತ್ತಿಯ ಶಿಸ್ತನ್ನು ಮೀರಿದವರು, ಹೆಣ್ಣಿನ ಮನೆಯವರ ಕಣ್ಣಿಗೆ ಹಳೆಯ ಕಾಲದ ಗಂಡಸು, ತಾಯಿಯವರ ಕಣ್ಣಿಗೆ ಮೇಲೆ ಹತ್ತಿದ ಮೆಟ್ಟಿಲನ್ನು ಮತ್ತೆ ಇಳಿಯುತ್ತಿರುವ ಮಗ. ಒಬ್ಬನೇ ಮನುಷ್ಯ ಈ ನಾಲ್ವರೂ ಆಗಿರಲು ಸಾಧ್ಯವಿಲ್ಲ. ಆದ್ದರಿಂದ ಈ ತೀರ್ಮಾನಗಳ ಮೂಲವನ್ನು ನಿಮ್ಮ ಸ್ವಭಾವದಲ್ಲಿ ಹುಡುಕುವ ಬದಲು ನೋಡುವವರ ನೆನಪಿನಲ್ಲಿ ಹುಡುಕುವುದು ಸರಿ.

ನಮ್ಮ ಕಡೆಯ ಯಾವುದೇ ಪೇಟೆಯಲ್ಲಿ ಮೂವತ್ತರ ಹರೆಯದ ಗಂಡಸೊಬ್ಬನು ಬಿಳಿ ಪಂಚೆಯಲ್ಲಿ ಕಾಣಸಿಗುವ ಸಂದರ್ಭಗಳು ಈಗ ಬೆರಳೆಣಿಕೆಯಷ್ಟು ಉಳಿದಿವೆ. ಮದುವೆಯ ಧಾರೆ, ಗೃಹಪ್ರವೇಶ, ದೇವಸ್ಥಾನದ ಸೇವೆ, ತಿಥಿ, ಚುನಾವಣೆಯ ಪ್ರಚಾರ, ಇಷ್ಟೇ. ನಿಮ್ಮದು ಕಪ್ಪು ಪಂಚೆಯಾಗಿದ್ದರೆ ಅದೇ ಸಹೋದ್ಯೋಗಿಗಳು ಅಯ್ಯಪ್ಪನ ಮಾಲೆ ಹಾಕಿದ್ದೀರಿ ಎಂದುಕೊಳ್ಳುತ್ತಿದ್ದರು. ಬಿಳಿಯಾದ್ದರಿಂದ, ಅದರ ಮೇಲೆ ಇಸ್ತ್ರಿ ಮಾಡಿದ ಅಂಗಿಯೂ ಇರುವುದರಿಂದ, ಪಕ್ಷ ಎಂದುಕೊಂಡರು. ಎದುರಿಗೆ ಬಂದ ವ್ಯಕ್ತಿಯ ಬಗ್ಗೆ ತಿಳಿವಳಿಕೆ ಕಡಿಮೆಯಿದ್ದಾಗ ಮನಸ್ಸು ಕೈಗೆ ಸಿಕ್ಕ ಒಂದೆರಡು ಗುರುತುಗಳನ್ನು ಹಿಡಿದು ಉಳಿದ ಚಿತ್ರವನ್ನು ಹಿಂದೆ ಕಂಡ ಜನರಿಂದ ತುಂಬಿಕೊಳ್ಳುತ್ತದೆ. ಇದು ಕೆಟ್ಟತನವಲ್ಲ, ಎಲ್ಲರ ಮನಸ್ಸೂ ಮಾಡುವ ಕೆಲಸ. ನೀವೂ ನಾನೂ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರ ಬಗ್ಗೆ ದಿನವೂ ಇದನ್ನೇ ಮಾಡುತ್ತೇವೆ. ತೊಂದರೆ ಬರುವುದು ಆ ಚಿತ್ರವನ್ನು ಮುಂದೆ ತಿದ್ದಿಕೊಳ್ಳದೆ ಉಳಿಸಿಕೊಂಡಾಗ.

ಬಟ್ಟೆಯಿಂದ ವಿಚಾರವನ್ನು ಊಹಿಸುವುದು ಎಷ್ಟು ಜೊಳ್ಳು ಎಂಬುದಕ್ಕೆ ನಿಮಗೆ ದೂರದ ಉದಾಹರಣೆ ಬೇಕಿಲ್ಲ. ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯೇ ಸಾಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದವರು. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಪಾಠ ಹೇಳಿದಾಗಲೂ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗಲೂ ಅವರ ಮೈಮೇಲೆ ಇದ್ದದ್ದು ಖಾದಿ ಪಂಚೆ, ಖಾದಿ ಜುಬ್ಬ, ಗಾಂಧಿ ಟೋಪಿ. ಉಡುಪನ್ನಷ್ಟೇ ನೋಡಿದ ಅಪರಿಚಿತರಿಗೆ ಅವರು ಹಳೆಯ ಕಾಲದ ದೈವಭಕ್ತರೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ವಿಶ್ವವಿದ್ಯಾಲಯದ ವತಿಯಿಂದ ಸಮಿತಿ ರಚಿಸಿದವರು ಅವರೇ. ಇನ್ನು ಅದೇ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಸೂಟು, ಟೈ, ತಲೆಯ ಮೇಲೆ ಮೈಸೂರು ಪೇಟ ಧರಿಸುತ್ತಿದ್ದವರು. ಒಂದೇ ಸೀಮೆಯ ಮಣ್ಣಿನ ಇಬ್ಬರು, ಇಬ್ಬರೂ ವಿಜ್ಞಾನದ ದಾರಿ ಹಿಡಿದವರು, ಇಬ್ಬರೂ ತಮ್ಮ ಉಡುಪಿನಲ್ಲಿ ಕಟ್ಟುನಿಟ್ಟಾಗಿದ್ದವರು. ಯಾರ ಬಟ್ಟೆಯಿಂದ ಯಾರ ವಿಚಾರವನ್ನು ಅಳೆಯುವುದು?

ಪಂಚೆ ವೃತ್ತಿಗೆ ತಕ್ಕ ಉಡುಪಲ್ಲ ಎಂಬ ನಿಮ್ಮ ಮುಖ್ಯಸ್ಥರ ಮಾತಿಗೆ ಬರುತ್ತೇನೆ. ಅವರು ಅದನ್ನು ಪುರಾತನ ನಿಯಮವೆಂಬಂತೆ ಹೇಳಿರಬಹುದು, ಆದರೆ ಆ ಭಾವನೆಗೆ ಹೆಚ್ಚು ವಯಸ್ಸಾಗಿಲ್ಲ. ಹಳೆಯ ಮೈಸೂರು ಸಂಸ್ಥಾನದ ಕಚೇರಿಗಳಲ್ಲಿ ಮತ್ತು ಶಾಲೆಗಳಲ್ಲಿ ಕಚ್ಚೆಪಂಚೆ, ಕೋಟು, ಪೇಟ ಅಥವಾ ಟೋಪಿ ಎಂಬುದೇ ಗೌರವದ ಉಡುಪಾಗಿತ್ತು; ಹಳೆಯ ಪ್ರೌಢಶಾಲೆಗಳ ಅಧ್ಯಾಪಕ ವೃಂದದ ಕಪ್ಪುಬಿಳುಪು ಚಿತ್ರಗಳನ್ನು ಹುಡುಕಿ ನೋಡಿದರೆ ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಳಿತವರ ಉಡುಪನ್ನು ಕಾಣುತ್ತೀರಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1918ರಿಂದ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಮುಂದೆ ಆಕ್ಸ್‌ಫರ್ಡಿನಲ್ಲಿ ಪೀಠ ಅಲಂಕರಿಸಿ ರಾಷ್ಟ್ರಪತಿಗಳಾದ ಎಸ್. ರಾಧಾಕೃಷ್ಣನ್ ಅವರ ಚಿತ್ರವನ್ನು ನಿಮ್ಮ ಕಾಲೇಜಿನಲ್ಲೂ ಪ್ರತಿ ಸೆಪ್ಟೆಂಬರ್ 5ರಂದು ಮೇಜಿನ ಮೇಲಿಟ್ಟು ಹೂ ಹಾಕುತ್ತಾರೆ. ಪೇಟ, ಉದ್ದನೆಯ ಕೋಟು, ಪಂಚೆ ಎಂಬ ಅವರ ಉಡುಪು ನಾಡಿಗೆಲ್ಲ ಗೊತ್ತಿದೆ. ಆ ಚಿತ್ರಕ್ಕೆ ಕೈಮುಗಿಯುವ ಸಭೆಯಲ್ಲಿ ಪಂಚೆ ಉಟ್ಟ ಅಧ್ಯಾಪಕನು ಹೊರಗಿನವನಂತೆ ಕಾಣಬಾರದು ಎಂದು ನನಗೆ ಪ್ರಾಮಾಣಿಕವಾಗಿ ಅನ್ನಿಸುತ್ತದೆ. ಆದರೆ ಈ ವಾದವನ್ನು ಮುಖ್ಯಸ್ಥರ ಕೊಠಡಿಯಲ್ಲಿ ಹೂಡಿ ಗೆಲ್ಲಲು ಹೋಗಬೇಡಿ. ಇತಿಹಾಸ ನಿಮ್ಮ ಮನಸ್ಸಿನ ಗಟ್ಟಿತನಕ್ಕೆ ಬೇಕು. ಮುಖ್ಯಸ್ಥರ ಜೊತೆಗಿನ ಮಾತಿಗೆ ಬೇರೆ ದಾರಿಯಿದೆ, ಅದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ್ದು ತಾಯಿಯವರ ಮಾತು. ನೀವು ಅದನ್ನು ಉಳಿದ ಆಕ್ಷೇಪಗಳ ಜೊತೆಯಲ್ಲೇ ಬರೆದಿದ್ದೀರಿ. ಅದು ಆ ಸಾಲಿಗೆ ಸೇರುವುದಿಲ್ಲ. ಅವರು ನಿಮ್ಮ ಪಂಚೆಯ ಬಗ್ಗೆ ಊಹೆ ಮಾಡುತ್ತಿಲ್ಲ. ಅವರಿಗೆ ಪಂಚೆಯ ಬಗ್ಗೆ ಅನುಭವವಿದೆ. ಕೊಬ್ಬರಿ ಮಾರಲು ಹೋದ ನಿಮ್ಮ ತಂದೆಯವರನ್ನು ಮಂಡಿಯಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ತಾಲ್ಲೂಕು ಕಚೇರಿಯ ಬಾಗಿಲಿನಲ್ಲಿ ಜನ ಹೇಗೆ ಮಾತನಾಡಿಸಿದರು, ಪ್ಯಾಂಟು ಹಾಕಿದವರು ಬಂದಾಗ ಅದೇ ಜನರ ದನಿ ಹೇಗೆ ಬದಲಾಯಿತು ಎಂಬುದನ್ನು ಅವರು ಪಕ್ಕದಲ್ಲಿ ನಿಂತು ನೋಡಿರುವ ಸಾಧ್ಯತೆ ಹೆಚ್ಚು. ಮಗ ಎಂಜಿನಿಯರಿಂಗ್ ಓದುವುದೆಂದರೆ ಅವರ ಲೆಕ್ಕದಲ್ಲಿ ಆ ಬಗೆಯ ಮಾತಿನಿಂದ ಪಾರಾಗುವುದು. ಆ ಪಾರಾಗುವಿಕೆಯ ಗುರುತು ಪ್ಯಾಂಟು.

ಇದು ಅವರೊಬ್ಬರ ಕಲ್ಪನೆಯಲ್ಲ. 2024ರ ಜುಲೈ ತಿಂಗಳಲ್ಲಿ ಹಾವೇರಿ ಕಡೆಯಿಂದ ಬಂದಿದ್ದ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರ ಬಾಗಿಲಿನಲ್ಲಿ ತಡೆದರು. ಅವರು ಮಗನ ಜೊತೆ ಸಿನಿಮಾ ನೋಡಲು ಬಂದಿದ್ದರು. ವಿಧಾನಮಂಡಲದಲ್ಲಿ ಆ ವಿಷಯ ಚರ್ಚೆಗೆ ಬಂದು, ಸರ್ಕಾರವು ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಹೇಳಿತು. ಅದಕ್ಕೆ ಹತ್ತು ವರ್ಷ ಮೊದಲು, 2014ರಲ್ಲಿ, ಚೆನ್ನೈನ ಕ್ಲಬ್ಬೊಂದು ವೇಷ್ಟಿ, ಅಂದರೆ ತಮಿಳರ ಪಂಚೆ, ಉಟ್ಟಿದ್ದ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಒಳಗೆ ಬಿಡಲಿಲ್ಲ. ಅದೇ ವರ್ಷ ತಮಿಳುನಾಡು ವಿಧಾನಸಭೆಯು ಸಾರ್ವಜನಿಕ ಸ್ಥಳಗಳಲ್ಲಿ ಇಂತಹ ಉಡುಪಿನ ನಿರ್ಬಂಧವನ್ನು ನಿಷೇಧಿಸುವ ಕಾಯ್ದೆ ತಂದಿತು. ನ್ಯಾಯಮೂರ್ತಿಗೇ ಹೀಗಾದರೆ ತೆಂಗಿನ ತೋಟದವರಿಗೆ ಏನಾಗಿರಬಹುದು ಎಂದು ಯೋಚಿಸಿ.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಈ ನಾಡಿನಲ್ಲಿ ಸೂಟು, ಪ್ಯಾಂಟು ಎಂಬುವು ಪರಕೀಯ ಅನುಕರಣೆ ಮಾತ್ರವಾಗಿರಲಿಲ್ಲ. 1921ರಲ್ಲಿ ಮಧುರೆಯಲ್ಲಿ ಗಾಂಧೀಜಿಯವರು ಬಡವರ ಜೊತೆ ನಿಲ್ಲಲು ಮೇಲಂಗಿ ಬಿಟ್ಟು ತುಂಡು ಬಟ್ಟೆ ಉಟ್ಟರು. ಅಂಬೇಡ್ಕರ್ ಅವರು ಸೂಟು ತೊಟ್ಟು ಸಭೆಗಳಿಗೆ ಬಂದರು. ಒಳ್ಳೆಯ ಬಟ್ಟೆ ತೊಡುವುದಕ್ಕೇ ಊರಿನ ಕಟ್ಟುಪಾಡು ಅಡ್ಡಬರುತ್ತಿದ್ದ ಜನರಿಗೆ ಆ ಸೂಟು ಸಮಾನತೆಯ ಹಕ್ಕಿನ ಮಾತಾಗಿತ್ತು, ಇಂದಿಗೂ ಆಗಿದೆ. ಆದ್ದರಿಂದ ಪ್ಯಾಂಟನ್ನು ಬಿಟ್ಟು ಪಂಚೆಗೆ ಬಂದದ್ದನ್ನು ನೀವು 'ಬೇರಿಗೆ ಮರಳುವುದು' ಎಂಬ ದೊಡ್ಡ ಮಾತಿನಲ್ಲಿ ಎಲ್ಲೂ ವರ್ಣಿಸಬೇಡಿ. ನಿಮ್ಮ ಪಂಚೆಯ ಹಿಂದೆ ಪದವಿಯಿದೆ, ಕೊರಳಿನಲ್ಲಿ ಕಾಲೇಜಿನ ಗುರುತಿನ ಚೀಟಿಯಿದೆ, ಬಾಯಿಯಲ್ಲಿ ಬೇಕಾದಾಗ ಇಂಗ್ಲಿಷ್ ಬರುತ್ತದೆ. ನಿಮ್ಮನ್ನು ಬಾಗಿಲಿನಲ್ಲಿ ತಡೆದವನು ಎರಡು ನಿಮಿಷದಲ್ಲಿ ಕ್ಷಮೆ ಕೇಳುತ್ತಾನೆ. ನಿಮ್ಮ ತಂದೆಯವರ ಬಳಿ ಇವು ಯಾವುವೂ ಇರಲಿಲ್ಲ. ಬೇಕೆಂದು ಉಡುವವನಿಗೂ ಬೇರೆ ದಾರಿಯಿಲ್ಲದೆ ಉಟ್ಟವನಿಗೂ ಇರುವ ಅಂತರವನ್ನೇ ನಿಮ್ಮ ತಾಯಿಯವರು ತಮ್ಮ ಮಾತಿನಲ್ಲಿ ಹೇಳುತ್ತಿದ್ದಾರೆ. ನಿಮಗೆ ಆ ಅಂತರ ಕಂಡರೆ ಅವರ ಕಣ್ಣೀರು ಅಡ್ಡಿಯಂತೆ ಕಾಣುವುದಿಲ್ಲ.

ಅವರಿಗೆ ಸಮಜಾಯಿಷಿ ಕೊಡುವ ಮೊದಲು ಅವರಿಂದ ಕೇಳಿ ತಿಳಿದುಕೊಳ್ಳಿ. ನಿಮಗೆ ಮೊದಲ ಉದ್ದ ಪ್ಯಾಂಟನ್ನು ಯಾವ ವರ್ಷ ಹೊಲಿಸಿದರು, ಯಾವ ದರ್ಜಿಯ ಬಳಿ, ಆ ವರ್ಷ ಕೊಬ್ಬರಿಗೆ ಎಷ್ಟು ಬೆಲೆಯಿತ್ತು, ದುಡ್ಡನ್ನು ಹೇಗೆ ಹೊಂದಿಸಿದರು ಎಂದು ಕೇಳಿ. ಒಂದು ಸಂಜೆ ಪೂರ್ತಿ ಕೇಳಿ. ಆಮೇಲೆ, ಅವರನ್ನು ಆಸ್ಪತ್ರೆಗೋ ಬ್ಯಾಂಕಿಗೋ ಕರೆದುಕೊಂಡು ಹೋಗುವ ದಿನ ಅವರು ಬಯಸಿದರೆ ಪ್ಯಾಂಟು ಹಾಕಿಕೊಳ್ಳಿ. ಇದರಿಂದ ನಿಮ್ಮ ಆಯ್ಕೆಗೆ ಸೋಲಾಗುವುದಿಲ್ಲ. ಕೌಂಟರಿನ ಮುಂದೆ ಅವರಿಗೆ ಆಗುವ ಎದೆಬಡಿತ ನಿಮ್ಮದಲ್ಲ, ಅವರದು. ಆ ದಿನದ ಮಟ್ಟಿಗೆ ಅದನ್ನು ಕಡಿಮೆ ಮಾಡುವುದು ಮಗನಾದವನು ಮಾಡಬಹುದಾದ ಕೆಲಸ. ಸಾಧ್ಯವಾದರೆ ಒಮ್ಮೆ ಅವರನ್ನು ನಿಮ್ಮ ಕಾಲೇಜಿಗೆ ಕರೆತನ್ನಿ. ಪಂಚೆ ಉಟ್ಟ ಮಗನಿಗೆ ವರಾಂಡದಲ್ಲಿ ಎದುರಾದ ಹುಡುಗರು 'ನಮಸ್ಕಾರ ಸಾರ್' ಎನ್ನುವುದನ್ನು ಅವರು ಕಿವಿಯಾರೆ ಕೇಳಲಿ. ಅವರ ಅನುಭವವನ್ನು ಬದಲಿಸುವ ಶಕ್ತಿ ಇನ್ನೊಂದು ಅನುಭವಕ್ಕೆ ಮಾತ್ರ ಇದೆ, ವಾದಕ್ಕಿಲ್ಲ.

ಇನ್ನು ಜನರ ನೋಟದ ವಿಷಯ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ವಿದ್ಯಾರ್ಥಿಗಳಿಗೆ ಮುಜುಗರ ಹುಟ್ಟಿಸುವ, ಗಾಯಕನೊಬ್ಬನ ಚಿತ್ರವಿದ್ದ ಟೀ ಶರ್ಟು ತೊಡಿಸಿ, ಇತರರು ಕುಳಿತಿದ್ದ ಕೋಣೆಗೆ ಕಳಿಸಿದರು. ಆ ಚಿತ್ರವನ್ನು ಎಷ್ಟು ಜನ ಗಮನಿಸಿದರು ಎಂದು ತೊಟ್ಟವರನ್ನು ಕೇಳಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಎಂದು ಅವರು ಅಂದಾಜಿಸಿದರು; ನಿಜವಾಗಿ ಗಮನಿಸಿದವರು ನಾಲ್ಕರಲ್ಲೊಂದು ಪಾಲಿಗಿಂತ ಕಡಿಮೆ. ತುಮಕೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಂಚೆ ಎಂಬುದು ಟೀ ಶರ್ಟಿನಷ್ಟು ಸುಲಭವಾಗಿ ಗುಂಪಿನಲ್ಲಿ ಕರಗುವುದಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ, ಜನ ಗಮನಿಸುತ್ತಾರೆ. ಆದರೆ ಅದೇ ಅಧ್ಯಯನದ ಇನ್ನೊಂದು ಭಾಗ ನಿಮಗೆ ಹೆಚ್ಚು ಉಪಯುಕ್ತ. ಶರ್ಟು ತೊಟ್ಟ ತಕ್ಷಣ ಕೋಣೆಗೆ ಹೋದವರಿಗಿಂತ, ಸ್ವಲ್ಪ ಹೊತ್ತು ತೊಟ್ಟುಕೊಂಡೇ ಇದ್ದು ಅದಕ್ಕೆ ಒಗ್ಗಿದ ಮೇಲೆ ಹೋದವರು, ಜನ ತಮ್ಮನ್ನು ನೋಡುತ್ತಿದ್ದಾರೆಂದು ಅಂದಾಜಿಸಿದ್ದು ಕಡಿಮೆ. ಅಂದರೆ ನಮಗೆ ಬಟ್ಟೆ ಹಳೆಯದಾದಂತೆ, ಜನರ ಕಣ್ಣುಗಳೂ ನಮ್ಮ ಲೆಕ್ಕದಲ್ಲಿ ಕಡಿಮೆಯಾಗುತ್ತವೆ.

ನೋಡುವವರಿಗೂ ಅದು ಹಳೆಯದಾಗುತ್ತದೆ. 1967ರಲ್ಲಿ ಅಮೆರಿಕದ ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಒಂದು ತರಗತಿಗೆ ವಿದ್ಯಾರ್ಥಿಯೊಬ್ಬನು ಪಾದಗಳನ್ನು ಬಿಟ್ಟರೆ ಮೈಯೆಲ್ಲ ಮುಚ್ಚುವ ಕಪ್ಪು ಚೀಲವೊಂದನ್ನು ಧರಿಸಿ ತಿಂಗಳುಗಟ್ಟಲೆ ಬರುತ್ತಿದ್ದನಂತೆ. ಅದರೊಳಗೆ ಯಾರಿದ್ದಾರೆಂದು ತಿಳಿದಿದ್ದವರು ಪ್ರಾಧ್ಯಾಪಕರಾದ ಚಾರ್ಲ್ಸ್ ಗೋಟ್ಸಿಂಗರ್ ಮಾತ್ರ. ಸಹಪಾಠಿಗಳ ಹಗೆತನ ಕೆಲವು ವಾರಗಳಲ್ಲಿ ಕುತೂಹಲವಾಗಿ, ಕೊನೆಗೆ ಸ್ನೇಹವಾಗಿ ಬದಲಾಯಿತು. ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯನ್ಸ್ 1968ರಲ್ಲಿ, ಪದೇ ಪದೇ ಕಣ್ಣಿಗೆ ಬಿದ್ದ ವಸ್ತುವಿನ ಬಗ್ಗೆ ಒಲವು ತಾನಾಗಿ ಬೆಳೆಯುತ್ತದೆ ಎಂದು ತೋರಿಸಿದ ಪ್ರಸಿದ್ಧ ಲೇಖನದಲ್ಲಿ ಈ ಘಟನೆಯನ್ನು ನೆನೆದಿದ್ದಾರೆ. ವಾರಕ್ಕೆ ಒಂದು ದಿನ ಪಂಚೆ, ನಾಲ್ಕು ದಿನ ಪ್ಯಾಂಟು ಎಂದು ಮಾಡಿದರೆ ಆ ಒಂದು ದಿನ ಯಾವತ್ತೂ ವಿಶೇಷ ದಿನವಾಗಿಯೇ ಉಳಿಯುತ್ತದೆ, 'ಇವತ್ತೇನು ವಿಶೇಷ' ಎಂಬ ಪ್ರಶ್ನೆಯೂ ಉಳಿಯುತ್ತದೆ. ಕಾಲೇಜಿನಲ್ಲಿ ಉಡುವುದಾದರೆ ದಿನವೂ ಉಡಿ.

ಈ ಮಾತನ್ನು ನಾನು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಕಾಲೇಜೊಂದಕ್ಕೆ ಮನಶ್ಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದ ಮೊದಲ ವಾರ ನಾನು ಚೂಡಿದಾರ್ ತೊಟ್ಟು ಹೋದೆ. ಪ್ರಾಂಶುಪಾಲರು ಕರೆದು 'ಪಾಠ ಹೇಳೋರು ಯಾರು, ಕೇಳೋರು ಯಾರು ಅಂತ ಗೊತ್ತಾಗಬೇಕಲ್ಲಮ್ಮ' ಎಂದರು. ಮರುದಿನದಿಂದ ಸೀರೆ. ಎರಡು ವರ್ಷದ ನಂತರ ಮತ್ತೆ ಚೂಡಿದಾರ್ ತೊಟ್ಟಾಗ ನಾನು ಒಂದು ತಪ್ಪು ಮಾಡಿದೆ: ಕೇಳಿದವರಿಗೆಲ್ಲ ಕಾರಣ ಹೇಳಿದೆ. ದೂರದ ಬಸ್ ಪ್ರಯಾಣ, ಮೆಟ್ಟಿಲು, ಸೀರೆಗೆ ಹಿಡಿಯುವ ಸಮಯ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ. ಕಾರಣ ಕೊಟ್ಟಷ್ಟೂ ಅದು ಸಾಲದು ಎನ್ನುವ ಹಕ್ಕು ಕೇಳಿದವರಿಗೆ ಬಂತು. 'ಬಸ್ಸಿನಿಂದ ಇಳಿದ ಮೇಲೆ ಬದಲಾಯಿಸಬಹುದಲ್ಲ' ಎಂದರು. ಕೊನೆಗೆ ಬೇಸತ್ತು ಕಾರಣ ಹೇಳುವುದನ್ನು ನಿಲ್ಲಿಸಿದೆ. ಆ ವರ್ಷದ ಪರೀಕ್ಷೆಯ ಹೊತ್ತಿಗೆ ನನ್ನ ಬಟ್ಟೆ ಯಾರ ಮಾತಿನಲ್ಲೂ ಇರಲಿಲ್ಲ. ಹಾಗಾಗಿ, ಪಕ್ಷ ಯಾವುದೆಂದು ಕೇಳಿದವರಿಗೆ 'ಆರಾಮವಾಗಿರುತ್ತೆ ಸಾರ್, ಅದಕ್ಕೆ' ಎಂಬ ಒಂದೇ ಉತ್ತರ ಸಾಕು. ಪ್ರತಿ ಸಲವೂ ಅದೇ ಉತ್ತರ ಕೊಟ್ಟು, ಅದೇ ಉಸಿರಿನಲ್ಲಿ ಪರೀಕ್ಷೆಯ ವೇಳಾಪಟ್ಟಿಯನ್ನೋ ಪ್ರಯೋಗಾಲಯದ ಕೆಲಸವನ್ನೋ ಮಾತಿಗೆ ತನ್ನಿ. ನಾಸ್ತಿಕನೆಂದು ಸಾಬೀತುಪಡಿಸಲು, ಸಂಪ್ರದಾಯವಾದಿ ಅಲ್ಲವೆಂದು ತೋರಿಸಲು ಪ್ರಯತ್ನಿಸಬೇಡಿ.

ವಿಭಾಗದ ಮುಖ್ಯಸ್ಥರಿಗೆ ಮಾತ್ರ ಈ ಒಂದು ಸಾಲಿನ ಉತ್ತರ ಸಲ್ಲದು, ಏಕೆಂದರೆ ನಿಮ್ಮ ಅನ್ನದ ಪ್ರಶ್ನೆ ಅಲ್ಲಿದೆ. 2014ರ ಏಪ್ರಿಲ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ತಾನು ಗುರುತಿಸಿಕೊಂಡ ಲಿಂಗತ್ವವನ್ನು ಉಡುಪಿನ ಮೂಲಕ ತೋರಿಸುವುದೂ ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಸೇರುತ್ತದೆ ಎಂದಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಏನು ತಿನ್ನಬೇಕು, ಏನು ಉಡಬೇಕು ಎಂದು ಪ್ರಭುತ್ವವು ಹೇಳುವುದನ್ನು ಯಾರೂ ಬಯಸರು ಎಂಬ ಮಾತೂ ಆ ತೀರ್ಪಿನ ಒಂದು ಭಾಗದಲ್ಲಿದೆ. ಈ ತೀರ್ಪುಗಳು ಮುಖ್ಯವಾಗಿ ಪ್ರಜೆ ಮತ್ತು ಸರ್ಕಾರದ ನಡುವಿನ ಸಂಬಂಧವನ್ನು ಕುರಿತವು. ಖಾಸಗಿ ಸಂಸ್ಥೆ ತನ್ನ ನೌಕರರಿಗೆ ಉಡುಪಿನ ನಿಯಮ ಮಾಡಬಹುದು, ಅದನ್ನು ಮುರಿದರೆ ಕಿರಿಕಿರಿಯಾಗಬಹುದು. ಆದ್ದರಿಂದ ಮೊದಲು ನಿಮ್ಮ ನೇಮಕಾತಿ ಪತ್ರವನ್ನೂ ಸೇವಾ ನಿಯಮಗಳನ್ನೂ ತೆಗೆದು ಓದಿ. ಉಡುಪಿನ ಬಗ್ಗೆ ನಿಯಮ ಬರವಣಿಗೆಯಲ್ಲಿ ಇಲ್ಲವಾದರೆ, ನಾನು ಶುಭ್ರವಾದ ಪಂಚೆ ಮತ್ತು ಅಂಗಿಯಲ್ಲಿ ಕೆಲಸಕ್ಕೆ ಬರಲು ಬಯಸುತ್ತೇನೆ, ಇದಕ್ಕೆ ಆಕ್ಷೇಪವಿದ್ದರೆ ದಯವಿಟ್ಟು ಯಾವ ನಿಯಮದ ಪ್ರಕಾರವೆಂದು ತಿಳಿಸಿ ಎಂದು ಅರ್ಧ ಪುಟದ ವಿನಯದ ಪತ್ರ ಬರೆದುಕೊಡಿ. ಇದ್ದರೆ, ಅದನ್ನು ಬದಲಾಯಿಸಲು ಕೋರಿ ಅರ್ಜಿ ಕೊಡಿ ಮತ್ತು ಉತ್ತರ ಬರುವವರೆಗೆ ನಿಯಮದಂತೆ ನಡೆಯಿರಿ. ನ್ಯಾಕ್ ಸಮಿತಿಯ ದಿನದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಆ ಭೇಟಿ ನಿಮ್ಮ ಒಬ್ಬರದಲ್ಲ, ಇಡೀ ವಿಭಾಗದ್ದು. ಮುಖ್ಯಸ್ಥರು ಆ ಎರಡು ಮೂರು ದಿನ ಮಾತ್ರ ಪ್ಯಾಂಟು ಕೇಳಿ ಉಳಿದ ದಿನಗಳಲ್ಲಿ ಪಂಚೆಗೆ ಒಪ್ಪುವುದಾದರೆ ಒಪ್ಪಿಕೊಳ್ಳಿ. ಅವರು ಅದನ್ನು ವರ್ಷಪೂರ್ತಿಯ ನಿಷೇಧಕ್ಕೆ ಮೊದಲ ಹೆಜ್ಜೆಯಾಗಿ ಬಳಸಿದರೆ ಆಗ ಪತ್ರ ನಿಮ್ಮ ಕೈಯಲ್ಲಿರುತ್ತದೆ.

ವೃತ್ತಿಗೆ ತಕ್ಕ ಉಡುಪು ಎಂಬ ಮಾತಿಗೆ ಇನ್ನೊಂದು ಉತ್ತರವನ್ನು ಪಂಚೆಯೇ ಕೊಡಬೇಕು. ನಾಲ್ಕು ಮೊಳದ ಒಂಟಿ ಸುತ್ತಿನ ಪಂಚೆ ಮನೆಗೆ ಸರಿ, ಆದರೆ ಮೆಟ್ಟಿಲು ಹತ್ತಿ ವೇದಿಕೆಯ ಮೇಲೆ ನಿಲ್ಲುವವರು ಎಂಟು ಮೊಳದ ಜೋಡಿ ಸುತ್ತಿನದನ್ನೇ ಉಡಬೇಕು. ಬೆಳಕಿಗೆ ಎದುರಾಗಿ ನಿಂತಾಗ ಅದು ಕಾಲುಗಳನ್ನು ತೋರಿಸುವುದಿಲ್ಲ. ತೆಳುವಾಗಿ ಗಂಜಿ ಹಾಕಿ ಇಸ್ತ್ರಿ ಮಾಡಿಸಿ, ಸೊಂಟಕ್ಕೆ ಬೆಲ್ಟು ಕಟ್ಟಿ. ದ್ವಿಚಕ್ರ ವಾಹನದಲ್ಲಿ ಹೋಗುವಾಗ ಅಂಚು ಚಕ್ರಕ್ಕೂ ಚೈನಿಗೂ ಸಿಗದಂತೆ ಮೇಲೆತ್ತಿ ಕಟ್ಟಿಕೊಳ್ಳಿ, ಕಾಲೇಜಿನ ಗೇಟಿನಲ್ಲಿ ಇಳಿಬಿಡಿ. ಎತ್ತಿ ಕಟ್ಟಿದ ಪಂಚೆಯನ್ನು ಹಿರಿಯರು ಎದುರಾದಾಗ ಇಳಿಸುವ ಮರ್ಯಾದೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ವರಾಂಡದಲ್ಲೂ ತರಗತಿಯಲ್ಲೂ ಅದನ್ನೇ ಪಾಲಿಸಿ. ವರ್ಕ್‌ಶಾಪಿನಲ್ಲಿ ಲೇತ್ ತಿರುಗುವ ಕಡೆ ಹೋಗಬೇಕಾದ ದಿನ ಮಾತ್ರ ಯಾವ ವಾದವೂ ಇಲ್ಲದೆ ಪ್ಯಾಂಟು ಹಾಕಿ, ಅಲ್ಲಿ ಸಡಿಲ ಬಟ್ಟೆ ಜೀವಕ್ಕೇ ಅಪಾಯ.

ಈಗ ನಿಮ್ಮ ಕೊನೆಯ ಅನುಮಾನ. ಕಣ್ಣಿಗೆ ಬೀಳಲೆಂದು ಉಡುತ್ತಿದ್ದೇನೆಯೇ ಎಂದು ಕೇಳಿದ್ದೀರಿ. ಉಡುಪಿನಲ್ಲಿ ನೋಡುವವರ ಕಣ್ಣಿಗಾಗಿ ಎಂಬ ಅಂಶ ಸ್ವಲ್ಪವೂ ಇಲ್ಲದವರು ಯಾರೂ ಇಲ್ಲ. ಕನ್ನಡಿಯ ಮುಂದೆ ನಿಂತು ತಲೆ ಬಾಚುವ ಪ್ರತಿಯೊಬ್ಬರಲ್ಲೂ ಅದಿದೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಅದರ ಪ್ರಮಾಣ ಎಷ್ಟು ಎಂಬುದು. ಅದನ್ನು ತಿಳಿಯಲು ನಿಮ್ಮ ಪತ್ರದಲ್ಲೇ ಸಾಕ್ಷಿಯಿದೆ. ನೀವು ಪಂಚೆಗೆ ಒಲಿದದ್ದು ಲಾಕ್‌ಡೌನಿನಲ್ಲಿ, ಕಂಪ್ಯೂಟರಿನ ಕ್ಯಾಮೆರಾ ಎದೆಯ ಮಟ್ಟದಿಂದ ಮೇಲಕ್ಕೆ ಮಾತ್ರ ತೋರಿಸುತ್ತಿದ್ದ ದಿನಗಳಲ್ಲಿ. ಆಗ ಅದನ್ನು ನೋಡುತ್ತಿದ್ದವರು ಮನೆಯವರು ಮಾತ್ರ. ಯಾರೂ ನೋಡದಾಗ ಹಿಡಿಸಿದ ಉಡುಪನ್ನು ತೋರಿಕೆ ಎಂದು ಕರೆಯಲು ನನಗೆ ಕಾರಣ ಕಾಣುವುದಿಲ್ಲ. ಆದರೂ ಎಚ್ಚರ ಬೇಕು. ಜನ ಗಮನಿಸುವುದನ್ನು ನಿಲ್ಲಿಸಿದಾಗ ಪಂಚೆಯ ಅಂಚು ಅಗಲವಾಗುತ್ತಾ, ಜರಿ ಹೊಳೆಯುತ್ತಾ, ಹೆಗಲಿಗೆ ಶಲ್ಯ ಬರುತ್ತಾ ಹೋದರೆ, ಆಗ ನಿಮ್ಮ ಈ ಪ್ರಶ್ನೆಯನ್ನು ಮತ್ತೆ ಕೇಳಿಕೊಳ್ಳಿ. ಉಡುಪು ತೊಟ್ಟವರ ಮನಸ್ಸನ್ನೇ ಬದಲಿಸುತ್ತದೆ ಎಂಬ 2012ರ ಒಂದು ಪ್ರಸಿದ್ಧ ಪ್ರಯೋಗವನ್ನು, ವೈದ್ಯರ ಬಿಳಿ ಕೋಟು ತೊಟ್ಟವರ ಏಕಾಗ್ರತೆ ಹೆಚ್ಚಿತು ಎಂಬುದನ್ನು, ನೀವು ಎಲ್ಲಾದರೂ ಓದಿರಬಹುದು. ಅದನ್ನು 2019ರಲ್ಲಿ ಬೇರೆಯವರು ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಪಂಚೆ ನಿಮ್ಮನ್ನು ಒಳ್ಳೆಯ ಅಧ್ಯಾಪಕನನ್ನಾಗಿ ಮಾಡುತ್ತದೆ ಎಂದು ನಂಬಬೇಡಿ. ಮೈಗೆ ಹಿತವಾಗಿದೆ ಎಂಬಷ್ಟೇ ಕಾರಣ ಸಾಕು, ಅದು ಸಣ್ಣ ಕಾರಣವಲ್ಲ.

ಹೆಣ್ಣಿನ ಕಡೆಯವರ ವಿಷಯದಲ್ಲಿ ನಾನು ಅವರನ್ನು ದೂರಲಾರೆ. ಪಂಚೆ ಉಟ್ಟ ಹುಡುಗನನ್ನು ಕಂಡಾಗ ಆ ಹುಡುಗಿಯ ಮನಸ್ಸಿನಲ್ಲಿ ಎದ್ದಿರಬಹುದಾದ ಪ್ರಶ್ನೆಗಳನ್ನು ಊಹಿಸಿ: ಮದುವೆಯಾದ ಮೇಲೆ ನಾನೂ ದಿನವೂ ಸೀರೆಯುಡಬೇಕೆ, ಕೆಲಸ ಬಿಡಬೇಕೆ, ಜೀನ್ಸ್ ತೊಟ್ಟರೆ ಈತ ಏನನ್ನುತ್ತಾನೆ? ತನ್ನ ಬಟ್ಟೆಯ ಬಗ್ಗೆ ಬೇರೆಯವರ ತೀರ್ಮಾನವನ್ನು ಚಿಕ್ಕಂದಿನಿಂದ ಹೊತ್ತು ಬಂದವಳಿಗೆ ಈ ಭಯ ಸಹಜ. ನಿಮಗೆ ಒಂದು ವರ್ಷದಿಂದ ಆಗುತ್ತಿರುವುದು ಈ ನಾಡಿನ ಹೆಣ್ಣುಮಕ್ಕಳಿಗೆ ಹನ್ನೆರಡನೆಯ ವಯಸ್ಸಿನಿಂದ ಆಗುತ್ತಿದೆ. ಸಹೋದ್ಯೋಗಿಗಳಿಗೆ ಕಾರಣ ಹೇಳಬೇಡಿ ಎಂದ ನಾನೇ ಇಲ್ಲಿ ಹೇಳಿ ಎನ್ನುತ್ತೇನೆ, ಏಕೆಂದರೆ ಜೊತೆಗೆ ಬದುಕಬೇಕಾದವರು ಕೇಳುವ ಪ್ರಶ್ನೆಗೆ ಉತ್ತರ ಪಡೆಯುವ ಹಕ್ಕು ಅವರಿಗಿದೆ. ಮುಂದಿನ ಸಲ ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲೇ, ಮನೆಯವರ ಒಪ್ಪಿಗೆ ಪಡೆದು, ಆಕೆಯೊಂದಿಗೆ ಹತ್ತು ನಿಮಿಷ ಫೋನಿನಲ್ಲಿ ಮಾತನಾಡಿ. ನಾನು ದಿನವೂ ಪಂಚೆ ಉಡುತ್ತೇನೆ, ಇದರಲ್ಲಿ ಪಕ್ಷವೂ ಇಲ್ಲ ವ್ರತವೂ ಇಲ್ಲ, ನೀವು ಏನು ತೊಡುತ್ತೀರಿ ಎಂಬುದು ನಿಮ್ಮ ಇಷ್ಟ, ಅಷ್ಟನ್ನು ಹೇಳಿ. ಆಮೇಲೆ ಆಕೆ ಏನು ಕೇಳುತ್ತಾರೋ ಅದನ್ನು ಪೂರ್ತಿಯಾಗಿ ಕೇಳಿಸಿಕೊಂಡು, ಭಾನುವಾರ ಅವರ ಮನೆಗೆ ಇಸ್ತ್ರಿ ಮಾಡಿದ ಎಂಟು ಮೊಳದ ಪಂಚೆಯಲ್ಲೇ ಹೋಗಿ.